ಮಾನ, ಮರ್ಯಾದೆ ಮತ್ತು ಒಂದು ಏಕವಚನ

ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ನೆಲಮಂಗಲಕ್ಕೆ ಮೊದಲೇ ಮಾದನಾಯಕನಹಳ್ಳಿ ಸಿಗುತ್ತದೆ. ರಸ್ತೆಯ ಬದಿಗಳಲ್ಲಿ ಗೋದಾಮು, ಕಾರ್ಖಾನೆ, ವೇಬ್ರಿಡ್ಜ್, ಲಾರಿಗಳ ಸಾಲು. 2024ರ ನವೆಂಬರಿನಲ್ಲಿ ಮೆಟ್ರೊ ರೈಲು ಪಕ್ಕದ ಮಾದಾವರದವರೆಗೆ ಬಂದ ಮೇಲೆ ಓಡಾಟ ಇನ್ನಷ್ಟು ಹೆಚ್ಚಿದೆ. ಇಷ್ಟು ಗಡಿಬಿಡಿಯಲ್ಲಿ ಊರಿನ ಹೆಸರನ್ನು ಬಿಡಿಸಿ ಓದುವ ಪುರುಸೊತ್ತು ಯಾರಿಗೂ ಇರಲಿಕ್ಕಿಲ್ಲ. ಬಿಡಿಸಿದರೆ ಒಂದು ಸೋಜಿಗ ಕಾಣುತ್ತದೆ. ಈ ಹೆಸರಿನ ನಡುವೆ ಒಬ್ಬ ‘ನಾಯಕ’ ಕುಳಿತಿದ್ದಾನೆ. ಈ ಊರು ಸೇರಿರುವ ಹೋಬಳಿಯ ಹೆಸರು ದಾಸನಪುರ. ಅಲ್ಲಿ ಒಬ್ಬ ‘ದಾಸ’ ಇದ್ದಾನೆ. ಮುನ್ನಡೆಸುವವನ ಹಳ್ಳಿ, ಸೇವೆ ಮಾಡುವವನ ಪುರ ಎರಡೂ ಅಕ್ಕಪಕ್ಕದಲ್ಲಿ!

ಇಬ್ಬರಲ್ಲಿ ಯಾರು ದೊಡ್ಡವರು? ನಿಘಂಟನ್ನು ಕೇಳಿದರೆ ನಾಯಕನೇ. ಕನ್ನಡ ನಾಡನ್ನು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಹಾವೇರಿ ಜಿಲ್ಲೆಯ ಬಾಡದ ತಿಮ್ಮಪ್ಪ ನಾಯಕ ಪಾಳೆಯಗಾರಿಕೆ ಬಿಟ್ಟು ಕನಕದಾಸರಾದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಈ ಎರಡು ಊರುಗಳ ಹೆಸರಿಗೂ ಆ ಕಥೆಗೂ ನಂಟಿದೆಯೆಂದಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅಲ್ಲಿದೆ. ‘ನಾಯಕ’ ಎಂಬ ದೊಡ್ಡ ಪದವನ್ನು ಇಳಿಸಿ ‘ದಾಸ’ ಎಂಬ ಸಣ್ಣ ಪದವನ್ನು ಹೊತ್ತ ಮನುಷ್ಯನನ್ನೇ ಐದು ಶತಮಾನದ ಮೇಲೂ ನಾಡು ನೆನೆಯುತ್ತದೆ, ಅದೂ ಬಹುವಚನದಲ್ಲಿ. ಹಾಗಾದರೆ ಗೌರವ ಎಂಬುದು ಪದದಲ್ಲಿ ಇರುತ್ತದೆಯೇ, ಬೇರೆಲ್ಲಾದರೂ ಇರುತ್ತದೆಯೇ?

ಅಳತೆಯ ಮಾನ

ಇಂಗ್ಲಿಷಿನಲ್ಲಿ ‘ಆನರ್’ ಎಂಬ ಒಂದೇ ಪದ ಹತ್ತು ಕೆಲಸ ಮಾಡುತ್ತದೆ. ಕನ್ನಡದಲ್ಲಿ ಅದಕ್ಕೆ ಒಂದು ಸಂಸಾರವೇ ಇದೆ: ಮಾನ, ಮರ್ಯಾದೆ, ಗೌರವ, ಘನತೆ, ಪ್ರತಿಷ್ಠೆ, ಮನ್ನಣೆ, ಬಿರುದು, ಸನ್ಮಾನ. ಪರೀಕ್ಷೆಯಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಎಂದರೆ ವಿದ್ಯಾರ್ಥಿ ಇವನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು ಅಂಕ ಪಡೆಯುತ್ತಾನೆ. ನಿಜದಲ್ಲಿ ಇವುಗಳ ಹುಟ್ಟೂರು ಬೇರೆ, ಸ್ವಭಾವ ಬೇರೆ.

‘ಮಾನ’ವನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಇದು ಎರಡು ಬೇರೆ ಬೇರೆ ಧಾತುಗಳಿಂದ ಬಂದು ಒಂದೇ ರೂಪ ತಳೆದ ಪದ. ‘ಮಾ’ ಎಂದರೆ ಅಳೆ. ಆ ಕಡೆಯಿಂದ ಬಂದವು ಮಾನದಂಡ, ತಾಪಮಾನ, ಉಪಮಾನ, ಅನುಮಾನ. ‘ಮನ್’ ಎಂದರೆ ಎಣಿಸು, ಭಾವಿಸು. ಆ ಕಡೆಯಿಂದ ಬಂದವು ಸನ್ಮಾನ, ಅವಮಾನ, ಅಭಿಮಾನ, ಬಹುಮಾನ. ಪೀಣ್ಯದ ಲೇಥ್ ಮುಂದೆ ಮೈಕ್ರೊಮೀಟರ್ ಹಿಡಿದು ನಿಂತ ಹುಡುಗನದು ಮೊದಲನೆಯ ಮಾನ. ತನ್ನ ಕೆಲಸದ ಬಗ್ಗೆ ಮೇಸ್ತ್ರಿ ಏನೆಂದುಕೊಂಡಾನು ಎಂದು ಅಳುಕುವಾಗ ಅವನದು ಎರಡನೆಯದು. ಎರಡಕ್ಕೂ ಒಂದೇ ಪದ ಸಿಕ್ಕಿದ್ದು ಆಕಸ್ಮಿಕವಾದರೂ ಚೆಂದದ ಆಕಸ್ಮಿಕ.

‘ಬಹುಮಾನ’ ಮೂಲದಲ್ಲಿ ವಸ್ತುವೇ ಅಲ್ಲ. ಬಹು ಮಾನ ಎಂದರೆ ತುಂಬಾ ಆದರ, ಹೆಚ್ಚಿನ ಎಣಿಕೆ, ಅಷ್ಟೇ. ಕನ್ನಡದಲ್ಲಿ ಅದು ಸ್ಟೀಲ್ ಲೋಟವಾಯಿತು, ಟಿಫಿನ್ ಡಬ್ಬಿಯಾಯಿತು, ಪ್ಲಾಸ್ಟಿಕ್ ಕಪ್ ಆಯಿತು. ಶಾಲಾ ವಾರ್ಷಿಕೋತ್ಸವದಲ್ಲಿ ಮೂರನೇ ಬಹುಮಾನದ ಲೋಟ ಹಿಡಿದು ಬಂದ ಮಗುವನ್ನು ‘ಮೊದಲನೆಯದು ಯಾರಿಗೆ ಬಂತು?’ ಎಂದು ಕೇಳುವ ತಂದೆ ತಾಯಿ, ಲೋಟವನ್ನು ಇಟ್ಟುಕೊಂಡು ಆದರವನ್ನು ಕಿತ್ತುಕೊಂಡಂತೆ.

‘ಅಭಿಮಾನ’ದ ಪಯಣ ಇನ್ನೂ ಸ್ವಾರಸ್ಯ. ಸಂಸ್ಕೃತದಲ್ಲಿ ಅದಕ್ಕೆ ಗರ್ವ, ಅಹಂಕಾರ ಎಂಬ ಅರ್ಥವೇ ಮುಂದು. ಕನ್ನಡದಲ್ಲಿ ಅದು ಮೆತ್ತಗಾಗಿ ಪ್ರೀತಿಯ ಕಡೆಗೆ ವಾಲಿತು. ನಾಡಿನ ಅಭಿಮಾನ, ಭಾಷಾಭಿಮಾನ, ಕೊನೆಗೆ ಸಿನಿಮಾ ನಟನ ಅಭಿಮಾನಿ. ರಾಜಕುಮಾರ್ ಅವರು ಅಭಿಮಾನಿಗಳನ್ನು ‘ದೇವರುಗಳು’ ಎಂದು ಕರೆದರು. ಗೌರವ ಪಡೆಯುವವನೇ ಗೌರವ ಕೊಡುವವರನ್ನು ಮೇಲಕ್ಕೇರಿಸಿದ ಆ ಮಾತು ಕನ್ನಡದ ಕಿವಿಗೆ ಕೃತಕವಾಗಿ ಕೇಳಲಿಲ್ಲ. ಹಳೆಯ ಗರ್ವದ ಅರ್ಥ ಪೂರ್ತಿ ಸತ್ತಿಲ್ಲ. ‘ದುರಭಿಮಾನ’ದಲ್ಲಿ ಅದು ಇನ್ನೂ ಜೀವ ಹಿಡಿದುಕೊಂಡಿದೆ.

ಮಾನ ಕಳೆದುಹೋದರೆ ಕಾನೂನು ಅದನ್ನು ಮತ್ತೆ ಅಳತೆಗೇ ತರುತ್ತದೆ. ಮಾನನಷ್ಟ ಮೊಕದ್ದಮೆಯಲ್ಲಿ ಹೋದ ಮಾನಕ್ಕೆ ರೂಪಾಯಿ ಲೆಕ್ಕ ಹಾಕುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಯ ಅಪರಾಧಕ್ಕೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದ್ದಾರೆ. ಇನ್ನೊಬ್ಬರ ಮಾನ ಕಳೆದವನು ‘ದಾಸ’ನಾಗಿ ದುಡಿಯಬೇಕು! ಆದರೆ ಹಳ್ಳಿಯ ಗಾದೆ ಇದಾವುದನ್ನೂ ಒಪ್ಪುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅದು ಲೆಕ್ಕ ಮುಗಿಸಿಬಿಡುತ್ತದೆ.

ತೂಕದ ಗೌರವ

ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಛಂದಸ್ಸಿನಲ್ಲಿ ಲಘು, ಗುರು ಗುರುತು ಹಾಕಲು ಕಲಿಯುತ್ತಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗುರು ಎಂದರೆ ಮೊದಲ ಅರ್ಥದಲ್ಲಿ ಭಾರವಾದದ್ದು. ಪಾಠ ಹೇಳುವವರು ಗುರುಗಳಾದದ್ದು ಆಮೇಲೆ, ಅವರ ಮಾತಿಗೆ ತೂಕವಿದ್ದುದರಿಂದ. ‘ಗುರು’ವಿನಿಂದ ಹುಟ್ಟಿದ ಪದವೇ ‘ಗೌರವ’. ಅಂದರೆ ತೂಕ. ಒಬ್ಬರನ್ನು ‘ಲಘುವಾಗಿ’ ಮಾತಾಡಬಾರದು ಎನ್ನುವಾಗ ಹಿರಿಯರು ತಿಳಿಯದೆಯೇ ಛಂದಸ್ಸಿನ ಪರಿಭಾಷೆ ಬಳಸುತ್ತಿರುತ್ತಾರೆ. ‘ಘನತೆ’ಯೂ ಇದೇ ಜಾತಿಯದು. ಘನ ಎಂದರೆ ಗಟ್ಟಿ, ದಟ್ಟ.

ಗೌರವವನ್ನು ತೂಕವಾಗಿ ಕಂಡವರು ಈ ನೆಲದವರು ಮಾತ್ರವಲ್ಲ. ಲ್ಯಾಟಿನ್ ಭಾಷೆಯ ‘ಗ್ರಾವಿಸ್’ ನಮ್ಮ ‘ಗುರು’ವಿನ ದಾಯಾದಿ. ಭೂಮಿಯ ಗುರುತ್ವಾಕರ್ಷಣೆಗೆ ಇಂಗ್ಲಿಷಿನಲ್ಲಿ ಗ್ರಾವಿಟಿ ಎನ್ನುವುದೂ ಆ ಬೇರಿನಿಂದಲೇ. ಹೀಬ್ರೂ ಭಾಷೆಯಲ್ಲಿ ಗೌರವಕ್ಕಿರುವ ‘ಕಾವೋದ್’ ಎಂಬ ಪದದ ಧಾತುವಿಗೂ ಭಾರ ಎಂದೇ ಅರ್ಥ. ಎಲ್ಲೆಲ್ಲಿಯ ಜನವೂ ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿದ್ದಾರೆ ಎನ್ನಬೇಕು. ಬೆಂಗಳೂರಿನ ಹುಡುಗರು ಮಾತ್ರ ಈ ಭಾರವನ್ನು ಬಸ್‌ಸ್ಟಾಪಿನಲ್ಲಿ ಇಳಿಸಿ ಹಗುರ ಮಾಡಿಕೊಂಡಿದ್ದಾರೆ. ‘ಏನ್ ಗುರು, ಊಟ ಆಯ್ತಾ?’

ಈ ತೂಕದ ಪದ ತೀರ ಹಗುರವಾಗುವ ಒಂದು ಜಾಗವಿದೆ. ಅದು ಸಂಬಳದ ಪಟ್ಟಿ. ‘ಗೌರವ ಕಾರ್ಯದರ್ಶಿ’ ಎಂದರೆ ಸಂಬಳವಿಲ್ಲದ ಕಾರ್ಯದರ್ಶಿ. ‘ಗೌರವಧನ’ ಎಂದರೆ ಸಂಬಳವೆಂದು ಕರೆಯಲು ಸರ್ಕಾರಕ್ಕೆ ಮನಸ್ಸಿಲ್ಲದ ಹಣ. ನಿವೃತ್ತ ವಿದ್ವಾಂಸರೊಬ್ಬರು ಭಾಷಣ ಮಾಡಿ ಹೋಗುವಾಗ ಕವರಿನಲ್ಲಿಟ್ಟು ಕೊಡುವ ಕಾಣಿಕೆಗೆ ಆ ಹೆಸರು ಒಪ್ಪುತ್ತದೆ. ದಿನವೂ ಕೂಸುಗಳನ್ನು ನೋಡಿಕೊಂಡು, ಮೊಟ್ಟೆ ಬೇಯಿಸಿ, ತೂಕ ಬರೆದು, ಸರ್ವೆಗೆ ಓಡಾಡುವ ಅಂಗನವಾಡಿ ಕಾರ್ಯಕರ್ತೆಗೆ? 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಕಣ್ಣು ಬಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದಲೂ ಈ ಹೆಂಗಸರಿಗೆ ಸಿಗುವುದು ಗೌರವಧನ. ಬಿಸಿಯೂಟ ಅಡುಗೆಯವರಿಗೂ ಅದೇ ಪದ.

ಹೆಸರಲ್ಲೇನಿದೆ ಎನ್ನಬೇಡಿ. ಸಂಬಳ ಎಂದರೆ ಕಾನೂನಿನ ಹಕ್ಕುಗಳು ಹಿಂದೆಯೇ ಬರುತ್ತವೆ, ಗೌರವಧನ ಎಂದರೆ ಬರುವುದಿಲ್ಲ ಎಂಬುದೇ ವಾದವಾಗಿತ್ತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ ಈ ಮುಸುಕು ತೆಗೆಯಿತು. ಗೌರವಧನವೂ ವೇತನವೇ, ಇವರಿಗೆ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಒಂದು ತಿಂಗಳೂ ಕಳೆದಿರಲಿಲ್ಲ, ಅದೇ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಘೋಷಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಧರಣಿ ಕುಳಿತದ್ದು ಪ್ರಶಸ್ತಿಗಾಗಿ ಅಲ್ಲ, ನಿಶ್ಚಿತ ಮಾಸಿಕ ಹಣಕ್ಕಾಗಿ. ಗೌರವ ಅವರ ಬಳಿ ಆಗಲೇ ಬೇಕಾದಷ್ಟಿತ್ತು!

ಗಡಿಯ ಮರ್ಯಾದೆ

‘ಮರ್ಯಾದೆ’ಯ ಮೂಲಾರ್ಥ ಎಲ್ಲೆ, ದಡ, ಗಡಿ. ಕಡಲು ಎಷ್ಟೇ ಮೊರೆದರೂ ದಡ ಮೀರದಿದ್ದರೆ ಅದು ಕಡಲಿನ ಮರ್ಯಾದೆ. ಈ ಅರ್ಥ ಇವತ್ತಿಗೂ ಕಣ್ಣಿಗೆ ಬೀಳಬೇಕಾದರೆ ಬೆಳಗಾವಿ ದಾಟಿ ಮಹಾರಾಷ್ಟ್ರದ ಕಡೆಗೆ ಹೋಗಬೇಕು. ಅಲ್ಲಿ ಸಹಕಾರ ಸಂಘಗಳ ಫಲಕದ ಕೊನೆಯಲ್ಲಿ ‘ಮರ್ಯಾದಿತ’ ಎಂದು ಬರೆದಿರುತ್ತದೆ. ಹೊಸಬರು ‘ಇದೇನು, ಮರ್ಯಾದಸ್ಥರ ಸಂಘವೇ?’ ಎಂದು ಬೆರಗಾಗುವುದುಂಟು. ಅದು ನಮ್ಮ ‘ನಿಯಮಿತ’, ಇಂಗ್ಲಿಷಿನ ‘ಲಿಮಿಟೆಡ್’. ಆ ಲೆಕ್ಕದಲ್ಲಿ ತುಮಕೂರು ರಸ್ತೆಯುದ್ದಕ್ಕೂ ‘ಪ್ರೈ. ಲಿ.’ ಎಂದು ಬರೆದುಕೊಂಡ ಕಾರ್ಖಾನೆಗಳೆಲ್ಲ ಮರ್ಯಾದೆಯ ಕಂಪನಿಗಳೇ.

ಎಲ್ಲೆ ಎಂದರೆ ತನ್ನ ಎಲ್ಲೆ. ತಾನು ಎಲ್ಲಿ ನಿಲ್ಲಬೇಕು ಎಂಬ ತಿಳಿವಳಿಕೆ. ಆದರೆ ಬಳಕೆಯಲ್ಲಿ ಮರ್ಯಾದೆ ಮೆಲ್ಲಗೆ ಇನ್ನೊಬ್ಬರ ಸುತ್ತ ಹಾಕುವ ಬೇಲಿಯಾಯಿತು. ಜಾತ್ರೆಯಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ಜಗಳದಲ್ಲಿ ಅದು ಮನೆತನದ ಆಸ್ತಿ. ಮಗಳು ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬಲ್ಲಿ ಅದು ಗಡಿಯಾರ. ಮಗನ ಗಡಿಯಾರ ಬೇರೆ ಓಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಈ ಬೇಲಿ ಎಲ್ಲಿಗೆ ಮುಟ್ಟಬಹುದು ಎಂಬುದು ಪತ್ರಿಕೆಗಳಲ್ಲಿ ಆಗಾಗ ಬರುವ ಒಂದು ಬಗೆಯ ಸುದ್ದಿಯಲ್ಲಿದೆ. ಬೇರೆ ಜಾತಿಯ ಹುಡುಗನನ್ನು ಮದುವೆಯಾದ, ಅಥವಾ ಆಗಹೊರಟ ಮಗಳನ್ನು ಹೆತ್ತವರೇ ಕೊಲ್ಲುವ ಸುದ್ದಿ. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಆನರ್ ಕಿಲ್ಲಿಂಗ್’ ಎಂದವು. ಕನ್ನಡದಲ್ಲಿ ಅದು ‘ಮರ್ಯಾದಾ ಹತ್ಯೆ’ಯಾಯಿತು. ಕೊಂದವರು ಕೊಟ್ಟ ಕಾರಣವನ್ನೇ ಹೆಸರಾಗಿ ಅಚ್ಚು ಹಾಕಿದಂತಾಯಿತು. ಹೀಗೆ ಬರೆದರೆ ಕೊಲೆಯಲ್ಲಿ ಏನೋ ಮರ್ಯಾದೆ ಇದೆ ಎಂದು ಒಪ್ಪಿದಂತಲ್ಲವೇ ಎಂಬ ಪ್ರಶ್ನೆ ಎದ್ದಿತು. ಕನ್ನಡ ಪತ್ರಿಕೆಗಳು ಒಂದು ಪುಟ್ಟ ಬಾಲ ಜೋಡಿಸಿದವು: ‘ಮರ್ಯಾದೆಗೇಡು ಹತ್ಯೆ’. ‘ಕೇಡು’ ಬಂದು ಕೂತ ಕೂಡಲೇ ಪದ ಮಗ್ಗುಲು ಬದಲಿಸಿತು. ಮಗಳು ಮರ್ಯಾದೆ ಕಳೆದಳು ಎಂಬುದು ಹೋಗಿ, ಕೊಂದವರು ಮರ್ಯಾದೆಗೆಟ್ಟರು ಎಂದಾಯಿತು. ಕನ್ನಡ ಪತ್ರಿಕೋದ್ಯಮ ಮಾಡಿದ ಒಳ್ಳೆಯ ಅನುವಾದಗಳಲ್ಲಿ ಇದೂ ಒಂದು. ಮೂಲಕ್ಕಿಂತ ಅನುವಾದವೇ ಹೆಚ್ಚು ಸತ್ಯ ಹೇಳುತ್ತದೆ.

ನ್ಯಾಯಾಲಯಗಳೂ ಇದೇ ಮಾತು ಹೇಳಿವೆ. ಇಂಥ ಕೊಲೆಗಳಲ್ಲಿ ಗೌರವ ಕೊಡುವಂಥದ್ದು ಏನೂ ಇಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿಯೇ ಲತಾ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆತನದ, ಜಾತಿಯ, ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲ ಎಂದಿತು. ಬೆದರಿಕೆ ಇರುವ ಜೋಡಿಗಳಿಗೆ ಪೊಲೀಸರು ರಕ್ಷಣೆ ಕೊಡಬೇಕು, ಜಿಲ್ಲೆಗಳಲ್ಲಿ ವಿಶೇಷ ಘಟಕಗಳನ್ನು ತೆರೆಯಬೇಕು ಎಂದು ಸೂಚಿಸಿತು. ಬೆಳೆದ ಮಕ್ಕಳಿರುವ ಮನೆಯಲ್ಲಿ ಇದನ್ನು ಮಾತಾಡುವುದು ಮುಜುಗರವೇ. ಆದರೂ ‘ನಾಲ್ಕು ಜನ ಏನಂದಾರು’ ಎಂದು ದಿನಕ್ಕೆ ಹತ್ತು ಸಲ ಹೇಳುವ ತಂದೆ ತಾಯಿ, ಆ ನಾಲ್ಕು ಜನ ಯಾರು ಎಂದು ಮಗಳು ಕೇಳಿದರೆ ಹೆಸರು ಹೇಳಲು ತಡವರಿಸುತ್ತಾರೆ.

ಇದೇ ಸಾಲಿಗೆ ಸೇರುವ ಇನ್ನೊಂದು ಪದ ‘ಮಾನಭಂಗ’. ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ ಹಿಂದೆ ಇದೇ ಪದ ಬಳಕೆಯಲ್ಲಿತ್ತು. ಅಪರಾಧ ಮಾಡಿದವನು ಒಬ್ಬ, ಭಂಗವಾದ ಮಾನ ಮಾತ್ರ ಇನ್ನೊಬ್ಬರದು! ಈಗ ‘ಅತ್ಯಾಚಾರ’, ‘ಲೈಂಗಿಕ ದೌರ್ಜನ್ಯ’ ಎಂದು ಬರೆಯುತ್ತಾರೆ. ಬದಲಾಗಿದ್ದು ಒಳ್ಳೆಯದೇ ಆಯಿತು.

ಕಲ್ಲು, ಭೂಮಿ, ಬಿರುದು

ಹಿಂದೆ ಗೌರವ ಕೈಗೆ ಸಿಗುವ ವಸ್ತುವಾಗಿತ್ತು. ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಡೆಗಿರುವ ಬೇಗೂರಿನ ವೀರಗಲ್ಲು ನೋಡಿ. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ಗಂಗರ ಎರೆಯಪ್ಪನ ಕಾಲದಲ್ಲಿ ನಾಗತ್ತರನೆಂಬ ವೀರ ಕಾದಿ ಸತ್ತಾಗ, ಅರಸ ಇರುಗನಿಗೆ ‘ನಾಗತ್ತರ ಪಟ್ಟ’ ಕಟ್ಟಿ, ಬೇಗೂರು ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟ ವಿವರ ಅದರಲ್ಲಿದೆ. ಬೆಂಗಳೂರು ಎಂಬ ಹೆಸರು ಬರುವ ಹಳೆಯ ಶಾಸನವೂ ಬೇಗೂರಿನದೇ, ಅದೂ ಕಾಳಗದಲ್ಲಿ ಸತ್ತವನ ನೆನಪಿನದು. ಮಡಿದವನ ಮನೆಯವರಿಗೆ ಕೊಡುವ ಇಂಥ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಗೌರವಕ್ಕೆ ಯಾರು ಬೆಲೆ ತೆತ್ತರು ಎಂಬುದು ಹೆಸರಿನಲ್ಲೇ ಇತ್ತು.

ಶಾಸನಗಳ ‘ಸರ್ವಮಾನ್ಯ’ ಎಂದರೆ ಎಲ್ಲ ತೆರಿಗೆಯಿಂದಲೂ ವಿನಾಯಿತಿ ಪಡೆದ ಭೂಮಿ. ಈಗ ಎಲ್ಲರೂ ಒಪ್ಪುವ ಅಭಿಪ್ರಾಯಕ್ಕೆ ಸರ್ವಮಾನ್ಯ ಎನ್ನುತ್ತಾರೆ. ‘ಮಾನ್ಯ’ ಮಂತ್ರಿಗಳ ಹೆಸರಿನ ಹಿಂದೆ ಹೋಯಿತು. ‘ಮಾನ್ಯತೆ’ ಶಾಲೆಗಳ ಪಾಲಿಗೆ ಬಂತು. ಪೋಷಕರು ಕಟ್ಟಡ, ಟೈ, ಬಸ್ಸು ನೋಡಿ ಮಗುವನ್ನು ಸೇರಿಸುವ ಮೊದಲು ಇಲಾಖೆಯ ಮಾನ್ಯತೆ ಇದೆಯೇ ಎಂದು ಕೇಳುವುದು ವಾಸಿ. ಜಾಹೀರಾತಿನಲ್ಲಿ ಬರುವುದು ಬೇರೆ ಪದ, ‘ಪ್ರತಿಷ್ಠಿತ’. ಸಂಸ್ಕೃತದಲ್ಲಿ ಪ್ರತಿಷ್ಠೆ ಎಂದರೆ ಗಟ್ಟಿಯಾಗಿ ನೆಲೆಗೊಳ್ಳುವುದು, ಗುಡಿಯಲ್ಲಿ ಮೂರ್ತಿ ಪ್ರತಿಷ್ಠಾಪಿಸಿದ ಹಾಗೆ. ಅದಕ್ಕೆ ಸಮವೆಂದು ಬಳಸುವ ಇಂಗ್ಲಿಷಿನ ‘ಪ್ರೆಸ್ಟೀಜ್’ ಲ್ಯಾಟಿನ್ ಮೂಲದಲ್ಲಿ ಜಾದೂಗಾರನ ಕಣ್ಕಟ್ಟು. ಶಾಲೆಯ ಫೀ ರಸೀದಿ ಕೈಗೆ ಬಂದಾಗ ಯಾವ ಅರ್ಥ ಎಂದು ಪೋಷಕರಿಗೇ ತಿಳಿಯುತ್ತದೆ.

ಬಿರುದುಗಳ ಬಗ್ಗೆ ಸಂವಿಧಾನದ ನಿಲುವು ನೇರ. 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು, ಸೇನೆಯ ಮತ್ತು ವಿದ್ಯೆಯ ಪದವಿಗಳನ್ನು ಮಾತ್ರ ಉಳಿಸಿತು. 1954ರಲ್ಲಿ ಭಾರತ ರತ್ನ, ಪದ್ಮ ಪ್ರಶಸ್ತಿಗಳು ಬಂದವು, 1977ರಲ್ಲಿ ನಿಂತವು, 1980ರಲ್ಲಿ ಮತ್ತೆ ಬಂದವು. ಇವು ಬಿರುದುಗಳಲ್ಲವೇ ಎಂಬ ತಕರಾರಿಗೆ ಸುಪ್ರೀಂ ಕೋರ್ಟು 1995ರ ಡಿಸೆಂಬರಿನಲ್ಲಿ ಉತ್ತರ ಕೊಟ್ಟಿತು. ಪ್ರಶಸ್ತಿ ಇರಲಿ, ಆದರೆ ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವಂತಿಲ್ಲ. ಜನ ಈ ತೀರ್ಪು ಓದಿದಂತೆ ಕಾಣುವುದಿಲ್ಲ. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಬ್ರಿಟಿಷರು ಕೊಟ್ಟ ‘ಸರ್’ ಇಂದಿಗೂ ‘ಸರ್ ಎಂ.ವಿ.’ ಎಂದು ಮಕ್ಕಳ ಬಾಯಲ್ಲಿದೆ. 1955ರಲ್ಲಿ ಸ್ವತಂತ್ರ ಭಾರತ ಕೊಟ್ಟ ಭಾರತ ರತ್ನ ರಸಪ್ರಶ್ನೆಗೆ ಮಾತ್ರ. ಪ್ರಾಥಮಿಕ ಶಾಲೆಯನ್ನೂ ಮುಗಿಸದ ರಾಜಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದಾದ ಮೇಲೆ ‘ಡಾ. ರಾಜ್’ ಅಲ್ಲದ ರಾಜ್ ಇಲ್ಲವೇ ಇಲ್ಲ.

‘ಏಕವಚನದಲ್ಲಿ ಮಾತಾಡಿದ’

ಎಷ್ಟೋ ಭಾಷೆಗಳಲ್ಲಿ ಏಕವಚನ ಎಂಬುದು ವ್ಯಾಕರಣ. ಕನ್ನಡದಲ್ಲಿ ಅದು ಆರೋಪವೂ ಹೌದು. ‘ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಎಂದು ದೂರು ಕೊಡುವವರಿದ್ದಾರೆ. ಬೈಗುಳವೇ ಬೇಕಿಲ್ಲ. ‘ಬನ್ನಿ’ ಎನ್ನಬೇಕಾದಲ್ಲಿ ‘ಬಾ’ ಎಂದರೆ ಸಾಕು.

ಮಾತಾಡುವವರ ನಡುವಿನ ಮೇಲು ಕೀಳನ್ನೂ ಸಲುಗೆಯನ್ನೂ ಒಂದು ಸರ್ವನಾಮ ಹೇಗೆ ಹೊರುತ್ತದೆ ಎಂದು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳನ್ನಿಟ್ಟುಕೊಂಡು ಪ್ರಸಿದ್ಧ ಲೇಖನವೊಂದನ್ನು ಬರೆದರು. ಒಬ್ಬ ಇನ್ನೊಬ್ಬನಿಗೆ ‘ನೀನು’ ಎಂದು, ಅವನಿಂದ ‘ನೀವು’ ಎನ್ನಿಸಿಕೊಂಡರೆ ಅದು ಅಧಿಕಾರ. ಇಬ್ಬರೂ ‘ನೀನು’ ಎಂದರೆ ಅದು ಸ್ನೇಹ. ಕನ್ನಡದ ಮನೆಗಳಿಗೆ ಇದನ್ನು ಕಲಿಸಬೇಕಿಲ್ಲ. ಬಹುಪಾಲು ಮನೆಗಳಲ್ಲಿ ತಾಯಿ ‘ನೀನು’, ತಂದೆ ಹಲವೆಡೆ ‘ನೀವು’. ತಾಯಿಯ ಗೌರವ ಕಡಿಮೆ ಎಂದಲ್ಲ. ಆಕೆಗೆ ಬಹುವಚನದ ಊರುಗೋಲು ಬೇಕಿಲ್ಲ. ‘ದೇವರು’ ಎಂಬ ಪದವೇ ಬಹುವಚನದ ರೂಪದ್ದು, ಆದರೆ ಕಷ್ಟ ಬಂದಾಗ ಕರೆಯುವುದು ‘ದೇವರೇ, ನೀನೇ ಕಾಪಾಡಪ್ಪಾ’ ಎಂದು.

ಇಂಗ್ಲಿಷ್ ತನ್ನ ‘ದೌ’ ಎಂಬ ಏಕವಚನವನ್ನು ಕಳೆದುಕೊಂಡು ಎಲ್ಲರಿಗೂ ‘ಯೂ’ ಎನ್ನತೊಡಗಿತು. ವೈಟ್‌ಫೀಲ್ಡಿನ ಐಟಿ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗಿ ಮುಖ್ಯಸ್ಥರನ್ನೂ ಹೆಸರಿನಿಂದ ಕರೆದು ‘ಯೂ’ ಎನ್ನುತ್ತಾಳೆ. ಅದೇ ಹುಡುಗಿ ಗೇಟಿನ ಬಳಿ ಕನ್ನಡಕ್ಕೆ ಹೊರಳಿದ ಕ್ಷಣವೇ ಲೆಕ್ಕ ಶುರು. ವಯಸ್ಸು, ಬಟ್ಟೆ, ಕೆಲಸ ಎಲ್ಲ ಕೂಡಿ ಕಳೆದು ‘ನೀನು’ ಅಥವಾ ‘ನೀವು’. ತಂದೆಯ ವಯಸ್ಸಿನ ಸೆಕ್ಯುರಿಟಿಯವರಿಗೆ ‘ಗೇಟ್ ತೆಗಿ’, ಆಗತಾನೆ ಮೀಸೆ ಬಂದ ಯುವಕ ಕಾರಿನಲ್ಲಿದ್ದರೆ ‘ಬನ್ನಿ ಸಾರ್’. ಮಕ್ಕಳು ಇದನ್ನು ವ್ಯಾಕರಣ ಪುಸ್ತಕದ ‘ಗೌರವಾರ್ಥಕ ಬಹುವಚನ’ ಪಾಠದಿಂದ ಕಲಿಯುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು, ಅಪ್ಪ ಅಮ್ಮ ಯಾರಿಗೆ ಏನೆನ್ನುತ್ತಾರೆ ಎಂದು ಕೇಳಿ ಕಲಿಯುತ್ತಾರೆ.

ಇದರ ಇನ್ನೊಂದು ಮುಖ ಮಾದನಾಯಕನಹಳ್ಳಿಯಂಥ ಕಾರ್ಖಾನೆ ಊರುಗಳ ಅಂಗಡಿ ಮುಂಗಟ್ಟುಗಳಲ್ಲಿದೆ. ಬಿಹಾರ, ಒಡಿಶಾ, ಅಸ್ಸಾಮಿನಿಂದ ದುಡಿಯಲು ಬಂದ ಹುಡುಗರು ಕನ್ನಡ ಕಲಿಯುವುದು ತರಗತಿಯಲ್ಲಲ್ಲ, ತಮ್ಮನ್ನು ಕರೆದ ಮಾತುಗಳಿಂದ. ‘ಬಾ’, ‘ಹೋಗು’, ‘ತಗೋ’, ‘ಎತ್ತು’, ‘ಬೇಗ ಮಾಡು’. ಕಿವಿಗೆ ಬಿದ್ದದ್ದು ಅಷ್ಟೂ ಏಕವಚನವೇ. ಹಿಂದಿಯಲ್ಲಿ ‘ಆಪ್’ ಎಂದು ಬಾಯಿ ತುಂಬ ಹೇಳಬಲ್ಲ ಆ ಹುಡುಗ, ಕಲಿತ ಕನ್ನಡವನ್ನು ಖುಷಿಯಿಂದ ಬಳಸಿ, ಅಂಗಡಿಗೆ ಬಂದ ಹಿರಿಯರಿಗೆ ‘ಏನು ಬೇಕು, ಹೇಳು’ ಎನ್ನುತ್ತಾನೆ.

‘ಇವಕ್ಕೆ ಮರ್ಯಾದೆಯೇ ಗೊತ್ತಿಲ್ಲ’ ಎಂದು ಹಿರಿಯರು ಸಿಡುಕುತ್ತಾರೆ. ಹುಡುಗನಿಗೆ ತಪ್ಪೇನೆಂದು ತಿಳಿಯದೆ ನಗುತ್ತಾನೆ. ಅವನ ಜೊತೆ ಯಾರಾದರೂ ‘ನೀವು’ ಎಂದು ಮಾತಾಡಿದ್ದರೆ ಅದನ್ನೂ ಕಲಿತಿರುತ್ತಿದ್ದ.